ತೀವ್ರ ಪೀಡೆನಾಶಕ ವಿಷಬಾಧೆಯಲ್ಲಿ ಉತ್ಕರ್ಷಣ ನಿರೋಧಕಗಳ ಪೂರಕ ಚಿಕಿತ್ಸೆ

ತೀವ್ರ ಪೀಡೆನಾಶಕ ವಿಷಬಾಧೆಯಲ್ಲಿ ಅಂಗಾಂಗಗಳಿಗೆ ಆಗುವ ಹಾನಿಯ ಒಂದು ಪಾಲು ಉತ್ಕರ್ಷಣ ಒತ್ತಡದಿಂದ ಬರುತ್ತದೆ. ಸೂಪರಾಕ್ಸೈಡ್‌ನಂಥ ಮುಕ್ತ ರ‍್ಯಾಡಿಕಲ್‌ಗಳು ಜೀವಕೋಶದ ರಕ್ಷಣಾ ಶಕ್ತಿಯನ್ನು ಮೀರಿ ಹುಟ್ಟಿದಾಗ ಕೋಶಪೊರೆಯ ಮೇದಸ್ಸು ಕೆಡುತ್ತದೆ, ಗ್ಲುಟಾಥಯೋನ್ ದಾಸ್ತಾನು ಬರಿದಾಗುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ದೇಹಕ್ಕೆ ಸಿಸ್ಟೀನ್ ಒದಗಿಸಿ ಗ್ಲುಟಾಥಯೋನ್ ಮತ್ತೆ ತಯಾರಾಗಲು ನೆರವಾಗುತ್ತದೆ. ವಿಟಮಿನ್ ಸಿ ಮತ್ತು ಇ ರ‍್ಯಾಡಿಕಲ್‌ಗಳನ್ನು ನೇರವಾಗಿ ತಣಿಸುತ್ತವೆ. ಆದರೆ ಎಲ್ಲ ವಿಷಗಳಿಗೂ ಈ ತರ್ಕ ಒಂದೇ ರೀತಿ ಅನ್ವಯಿಸುವುದಿಲ್ಲ. ಕೆಲವು ವಿಷಗಳಲ್ಲಿ ಉತ್ಕರ್ಷಣವೇ ಸಾವಿನ ಮೂಲ, ಉಳಿದವುಗಳಲ್ಲಿ ಅದು ಬೇರೊಂದು ಹಾನಿಯ ಬೆನ್ನಿಗೆ ಬರುವಂಥದ್ದು.

ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳು ಎರಡನೆಯ ಗುಂಪಿನವು. ಇವು ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಶೇಖರವಾದ ಅಸಿಟೈಲ್‌ಕೋಲಿನ್‌ನಿಂದ ಜೊಲ್ಲು, ಬೆವರು ಹರಿಯುತ್ತವೆ, ಶ್ವಾಸನಾಳಗಳು ದ್ರವದಿಂದ ತುಂಬುತ್ತವೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ರೋಗಿಯ ಜೀವ ಉಳಿಸುವುದು ಅಟ್ರೋಪಿನ್ ಮತ್ತು ವೆಂಟಿಲೇಟರ್. ಮೊದಲ ಅಟ್ರೋಪಿನ್ ಪ್ರಮಾಣಕ್ಕೆ ಸ್ಪಂದನೆ ಬಾರದಿದ್ದರೆ ಸುಮಾರು 5 ನಿಮಿಷಕ್ಕೊಮ್ಮೆ ಅದನ್ನು ಇಮ್ಮಡಿಸುತ್ತ ಹೋಗಬೇಕು. ಎದೆಯ ಗೊರಗೊರ ಸದ್ದು ನಿಲ್ಲುವುದು, ನಾಡಿ ನಿಮಿಷಕ್ಕೆ 80 ದಾಟುವುದು, ಕಂಕುಳು ಒಣಗುವುದು ಗುರಿ ತಲುಪಿದ್ದರ ಗುರುತುಗಳು. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸಲು ಕೊಡುವ ಪ್ರಾಲಿಡಾಕ್ಸಿಮ್ ವಿಷಯದಲ್ಲೇ ಒಮ್ಮತವಿಲ್ಲ. ಮಹಾರಾಷ್ಟ್ರದ ಬಾರಾಮತಿಯಿಂದ 2006ರಲ್ಲಿ ಪ್ರಕಟವಾದ ಪ್ರಯೋಗ ಹೆಚ್ಚಿನ ಪ್ರಮಾಣದ ನಿರಂತರ ಡ್ರಿಪ್‌ನಿಂದ ಲಾಭವಿದೆ ಎಂದಿತು. 2009ರ ಶ್ರೀಲಂಕಾ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ.

ಈ ಹಿನ್ನೆಲೆಯಲ್ಲಿ ಎನ್-ಅಸಿಟೈಲ್‌ಸಿಸ್ಟೀನ್‌ನ ಪ್ರಯೋಗ ನಡೆದಿದೆ. ಈಜಿಪ್ಟಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಅದನ್ನು ಪಡೆದವರಿಗೆ ಕಡಿಮೆ ಅಟ್ರೋಪಿನ್ ಸಾಕಾಯಿತು. ಫಲಿತಾಂಶ ಆಶಾದಾಯಕವೇ ಸರಿ, ಆದರೆ ಸಾವು ಕಡಿಮೆಯಾಗುತ್ತದೆ ಎಂದು ಹೇಳಲು ಅಷ್ಟು ಸಣ್ಣ ಅಧ್ಯಯನ ಸಾಲದು. ಈ ಔಷಧವನ್ನು ರಕ್ತನಾಳದ ಮೂಲಕ ವೇಗವಾಗಿ ಕೊಟ್ಟಾಗ ಕೆಲವರಲ್ಲಿ ಮೈ ಕೆಂಪಾಗಿ, ಉಬ್ಬಸ ಬರಬಹುದು. ಆರ್ಗನೋಫಾಸ್ಫೇಟ್ ರೋಗಿಯಲ್ಲಿ ಆ ಉಬ್ಬಸವನ್ನು ವಿಷದ್ದೆಂದು ತಿಳಿದು ಅಟ್ರೋಪಿನ್ ಏರಿಸುತ್ತ ಹೋಗುವ ಅಪಾಯ ದೊಡ್ಡದು. ಇದನ್ನು ಕೊಡುವ ವಾರ್ಡಿನವರು ಇದರ ಬಗ್ಗೆ ಎಚ್ಚರವಾಗಿರಲೇಬೇಕು.

ಕಳೆನಾಶಕ ಪ್ಯಾರಾಕ್ವಾಟ್‌ನಲ್ಲಿ ಉತ್ಕರ್ಷಣವೇ ಮೂಲ ಹಾನಿ. ಕೋಶದೊಳಗೆ ಅದು ಎನ್‌ಎಡಿಪಿಎಚ್‌ನಿಂದ ಎಲೆಕ್ಟ್ರಾನ್ ಪಡೆದು, ಅದನ್ನು ಆಮ್ಲಜನಕಕ್ಕೆ ದಾಟಿಸಿ, ಮೊದಲಿನ ರೂಪಕ್ಕೆ ಮರಳಿ ಮತ್ತೆ ಎಲೆಕ್ಟ್ರಾನ್ ಪಡೆಯುತ್ತದೆ. ಪ್ರತಿ ಸುತ್ತಿಗೂ ಸೂಪರಾಕ್ಸೈಡ್ ಹುಟ್ಟುತ್ತದೆ. ಪಾಲಿಅಮೀನ್‌ಗಳನ್ನು ಒಳಗೆ ಸೇರಿಸುವ ವ್ಯವಸ್ಥೆಯೇ ಪ್ಯಾರಾಕ್ವಾಟನ್ನೂ ಒಳಗೆ ಬಿಡುವುದರಿಂದ ಅದು ಶ್ವಾಸಕೋಶದಲ್ಲಿ ಗುಡ್ಡೆಯಾಗುತ್ತದೆ. ಬದುಕಿದವರಲ್ಲೂ ನಾರುಗಟ್ಟುವಿಕೆ ಉಸಿರನ್ನು ಕಸಿಯಬಹುದು. ಹೀಗಾಗಿ ಇಲ್ಲಿ ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ರೋಗಿಯ ಮೂತ್ರವನ್ನು ಕ್ಷಾರೀಯವಾಗಿಸಿ ಸೋಡಿಯಂ ಡೈಥಯೊನೈಟ್ ಬೆರೆಸಿದಾಗ ನೀಲಿ ಬಣ್ಣ ಮೂಡಿದರೆ ಪ್ಯಾರಾಕ್ವಾಟ್ ದೇಹ ಸೇರಿದೆ ಎಂದರ್ಥ. ಕಡುನೀಲಿ ಗಂಭೀರ ಸ್ಥಿತಿಯ ಸೂಚನೆ.

ಉತ್ಕರ್ಷಣ ನಿರೋಧಕ ಎಲ್ಲಕ್ಕಿಂತ ಹೆಚ್ಚು ಫಲ ಕೊಡಬೇಕಾದದ್ದು ಇಲ್ಲಿಯೇ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಹಾನಿ ತಗ್ಗಿಸಿದ್ದೂ ಉಂಟು, ಆದರೆ ಮನುಷ್ಯರಲ್ಲಿ ಜೀವ ಉಳಿಸುವ ದೃಢ ಪುರಾವೆ ಸಿಕ್ಕಿಲ್ಲ. ಇದಕ್ಕೆ ಸಮಯ ಒಂದು ಕಾರಣ: ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆ ಎಂದು ಸಾಗುವಷ್ಟರಲ್ಲಿ ವಿಷ ಕೋಶದೊಳಗೆ ಸೇರಿರುತ್ತದೆ. ವಿಟಮಿನ್ ಸಿಯ ಪ್ರಮಾಣವೂ ತೊಡಕಿನದು. ಕಬ್ಬಿಣದ ಸನ್ನಿಧಿಯಲ್ಲಿ ಅದೇ ಉತ್ಕರ್ಷಣವನ್ನು ಹೆಚ್ಚಿಸಬಲ್ಲದು, ಅತಿಯಾದರೆ ಆಕ್ಸಲೇಟ್ ಮೂತ್ರಪಿಂಡದಲ್ಲಿ ಕೂರುತ್ತದೆ. ಪ್ಯಾರಾಕ್ವಾಟ್ ಹೊರಹೋಗುವ ಮುಖ್ಯ ದಾರಿಯೇ ಮೂತ್ರಪಿಂಡ.

ಧಾನ್ಯಕ್ಕೆ ಹುಳು ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ದೇಹದಲ್ಲಿ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಸೈಟೊಕ್ರೋಮ್ ಸಿ ಆಕ್ಸಿಡೇಸ್‌ಗೆ ತಡೆಯೊಡ್ಡುವುದರಿಂದ ಹೃದಯಸ್ನಾಯು ಸೋತು, ರಕ್ತದೊತ್ತಡ ಕುಸಿಯುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಇರಾನ್ ಹಾಗೂ ಉತ್ತರ ಭಾರತದಲ್ಲಿ ಎನ್-ಅಸಿಟೈಲ್‌ಸಿಸ್ಟೀನ್, ವಿಟಮಿನ್ ಇ ಪರೀಕ್ಷಿಸಿದ ಸಣ್ಣ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ.

ಈ ಬಗೆಯ ಅಧ್ಯಯನಗಳು ಹೆಚ್ಚಾಗಿ, ಮೇದಸ್ಸು ಕೆಟ್ಟಾಗ ಹುಟ್ಟಿ ರಕ್ತದಲ್ಲಿ ಕಾಣುವ ಮ್ಯಾಲೊನ್‌ಡೈಆಲ್ಡಿಹೈಡ್ ಇಳಿಕೆಯನ್ನು ಲಾಭವೆಂದು ಎಣಿಸುತ್ತವೆ. ಆ ಅಂಶ ಇಳಿದ ಮಾತ್ರಕ್ಕೆ ರೋಗಿ ಮನೆಗೆ ಮರಳುತ್ತಾನೆಂದು ಹೇಳಲಾಗದು. ಸಾವು, ವೆಂಟಿಲೇಟರ್ ಮೇಲಿದ್ದ ದಿನಗಳು, ಅಟ್ರೋಪಿನ್‌ನ ಒಟ್ಟು ಪ್ರಮಾಣ ಇವುಗಳನ್ನು ಅಳೆದು, ವಿಷದ ಬಗೆ ಮತ್ತು ದಾಖಲಾಗುವ ಮುನ್ನ ಕಳೆದ ಗಂಟೆಗಳ ಪ್ರಕಾರ ರೋಗಿಗಳನ್ನು ವಿಂಗಡಿಸಿದ ಬಹುಕೇಂದ್ರ ಪ್ರಯೋಗಗಳು ಬೇಕು. ಅಲ್ಲಿಯವರೆಗೆ ಈ ಔಷಧಗಳನ್ನು ಅಟ್ರೋಪಿನ್, ವೆಂಟಿಲೇಟರ್, ದ್ರವ ನಿರ್ವಹಣೆಗಳ ಜೊತೆಗೆ ಕೊಡಬಹುದೇ ಹೊರತು ಅವುಗಳ ಬದಲಿಗಲ್ಲ, ಅವುಗಳಿಗಿಂತ ಮೊದಲೂ ಅಲ್ಲ.