ವಿಮೆಯೂ ನೀರೂ: ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಎರಡು ಮುಖಗಳು

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಬಂದೊಡನೆ ಶಿವನಸಮುದ್ರದ ವಿದ್ಯುಚ್ಛಕ್ತಿಯೂ ಕೋಲಾರದ ಚಿನ್ನದ ಗಣಿಗಳೂ ನೆನಪಿಗೆ ಬರುವುದು ವಾಡಿಕೆ. ಆದರೆ ಈ ದಿವಾನರು ನ್ಯಾಯಶಾಸ್ತ್ರದ ಪದವೀಧರರು; ಅವರ ಕಾಲದಲ್ಲಿಯೇ ಸಂಸ್ಥಾನದ ಜೀವವಿಮಾ ವ್ಯವಸ್ಥೆ ಹುಟ್ಟಿತು; ಅವರ ಕಾಲದಲ್ಲಿಯೇ ಜನಾರೋಗ್ಯವೆಂಬುದು ಸರ್ಕಾರದ ಹೊಣೆಯೆಂಬ ಭಾವನೆಯೂ ಕಾರ್ಯರೂಪಕ್ಕೆ ಬರತೊಡಗಿತು. ಇವೆರಡನ್ನೂ ಒಟ್ಟಿಗಿರಿಸಿ, ಅದೂ ರಾಜಧಾನಿಯಿಂದಲ್ಲದೆ ದೂರದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಶೇಷಾದ್ರಿ ಅಯ್ಯರ್ ಅವರು ಜನಿಸಿದುದು 1845ರಲ್ಲಿ, ಪಾಲ್ಘಾಟಿನ ಸಮೀಪದಲ್ಲಿ. ಮದರಾಸಿನಲ್ಲಿ ವ್ಯಾಸಂಗ ಮುಗಿಸಿ 1868ರಲ್ಲಿ ಮೈಸೂರಿನ ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗದ ಶಿರಸ್ತೇದಾರರಾಗಿ ಸೇರಿದರು. ಕೆಲಸದಲ್ಲಿದ್ದುಕೊಂಡೇ 1874ರಲ್ಲಿ ಬಿ. ಎಲ್. ಪದವಿಯನ್ನು ಪಡೆದರು. ರಂಗಾಚಾರ್ಲು ಅವರು ತೀರಿಕೊಂಡ ಮೇಲೆ, 1883ರಲ್ಲಿ ದಿವಾನ ಪದವಿಗೇರಿ, 1901ರವರೆಗೆ ಆ ಸ್ಥಾನದಲ್ಲಿದ್ದರು. ಅವರು ವಕೀಲಿ ವೃತ್ತಿಯಿಂದ ಹೆಸರು ಗಳಿಸಿದವರಲ್ಲ. ಆದರೂ ಒಂದು ಕೆಲಸವನ್ನು ಮಾಡಬೇಕಾದರೆ ಮೊದಲು ಅದಕ್ಕೊಂದು ನಿಯಮ, ಒಂದು ಕಟ್ಟುಪಾಡು ಇರಬೇಕೆಂಬ ನ್ಯಾಯಸ್ಥಾನದ ಮನೋಧರ್ಮ ಅವರ ಆಡಳಿತದಲ್ಲಿ ಎದ್ದು ಕಾಣುತ್ತದೆ.

ವಿಮೆಯ ವಿಷಯವನ್ನು ತಿಳಿಯಲು ಆ ಕಾಲದ ಭಾರತದ ಸ್ಥಿತಿಯನ್ನು ಗಮನಿಸಬೇಕು. 1818ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಓರಿಯೆಂಟಲ್ ಕಂಪನಿ ಮುಖ್ಯವಾಗಿ ಐರೋಪ್ಯರಿಗಾಗಿ ಇದ್ದಿತು. ಭಾರತೀಯರ ಜೀವಕ್ಕೆ ಹೆಚ್ಚಿನ ಕಂತನ್ನು ವಸೂಲು ಮಾಡುವ ಪದ್ಧತಿ ಬಹುಕಾಲ ನಡೆಯಿತು. 1870ರ ಹೊತ್ತಿಗೆ ಮುಂಬಯಿಯಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು ಈ ಭೇದವನ್ನು ತೊರೆಯಿತು. ಇಷ್ಟಾದರೂ ವಿಮಾ ಕಂಪನಿಗಳ ಮೇಲೆ ಹತೋಟಿಯಿಡುವ ಪ್ರತ್ಯೇಕ ಕಾನೂನು ಬ್ರಿಟಿಷ್ ಇಂಡಿಯದಲ್ಲಿ ಬಂದುದು 1912ರಲ್ಲಿ. ಸಮಗ್ರವಾದ ಶಾಸನ 1938ರಲ್ಲಿ. 1912ರ ಕಾನೂನಿಗೆ ಎರಡು ದಶಕಗಳಷ್ಟು ಮೊದಲೇ, 1891ರಲ್ಲಿ, ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸರ್ಕಾರ ತನ್ನ ನೌಕರರಿಗೆ ಜೀವವಿಮೆಯನ್ನು ಕಡ್ಡಾಯಗೊಳಿಸಿತು. ಕಂಪನಿಗಳನ್ನು ನಿಯಂತ್ರಿಸುವ ಬದಲು ಸರ್ಕಾರ ತಾನೇ ವಿಮೆಗಾರನಾಯಿತು. ಕಂತನ್ನು ಸಂಬಳದಿಂದಲೇ ಮುರಿದುಕೊಳ್ಳುವುದರಿಂದ ವಸೂಲಿಯ ತೊಡಕಿಲ್ಲ; ಖಜಾನೆಯೇ ಹೊಣೆಯಾದುದರಿಂದ ದಿವಾಳಿಯ ಭಯವಿಲ್ಲ. ಇದೇ ಸುಮಾರಿಗೆ ಮೈಸೂರು ಸಿವಿಲ್ ಸರ್ವಿಸ್ ಸ್ಪರ್ಧಾ ಪರೀಕ್ಷೆಯೂ ಆರಂಭವಾಯಿತೆಂಬುದನ್ನು ನೆನೆದರೆ, ನೌಕರವರ್ಗವನ್ನು ನಿಯಮಬದ್ಧವಾಗಿ ಕಟ್ಟುವ ಒಂದೇ ಆಲೋಚನೆಯ ಎರಡು ಅಂಗಗಳಂತೆ ಇವು ತೋರುತ್ತವೆ. 1876-78ರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯ ಐದರಲ್ಲೊಂದು ಪಾಲು ನಷ್ಟವಾಗಿತ್ತು. ದುಡಿಯುವವನು ಸತ್ತರೆ ಮನೆಯ ಗತಿಯೇನೆಂಬುದನ್ನು ಅಂದಿನ ಅಧಿಕಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಜನಾರೋಗ್ಯದ ಕಡೆಗೆ ತಿರುಗಿದರೆ, ಅಲ್ಲಿಯೂ ದೊಡ್ಡ ಕಾರ್ಯಗಳೇ ಕಾಣುತ್ತವೆ. ಅರ್ಕಾವತಿಯ ಹೆಸರುಘಟ್ಟದಿಂದ ಬೆಂಗಳೂರಿಗೆ ನೀರು ಬಂದುದು 1890ರ ದಶಕದಲ್ಲಿ. ಮಲ್ಲೇಶ್ವರ, ಬಸವನಗುಡಿಗಳ ಬಡಾವಣೆಗಳು ಅದೇ ದಶಕದವು. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಶಂಕುಸ್ಥಾಪನೆಯಾಗಿ 1900ರಲ್ಲಿ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದನು. ಇದರ ನಡುವೆ, 1898ರ ಆಗಸ್ಟಿನಲ್ಲಿ, ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಮುಂಬಯಿಯಿಂದ ಹುಬ್ಬಳ್ಳಿ ಧಾರವಾಡಗಳ ಕಡೆಗೆ ಹಬ್ಬಿದ್ದ ರೋಗ ರೈಲುದಾರಿಯನ್ನು ಹಿಡಿದೇ ಬಂದಿತು. ಬೆಂಗಳೂರು ಹರಿಹರ ಮಾರ್ಗ ದಾವಣಗೆರೆಯ ಮೇಲೆ ಹಾದುಹೋಗುತ್ತದೆಂಬುದನ್ನು ಈ ಸೀಮೆಯ ವಾಚಕರು ಮರೆಯಲಾರರು. ವಿ. ಪಿ. ಮಾಧವರಾಯರು ಪ್ಲೇಗ್ ಕಮೀಷನರಾಗಿ ನೇಮಕಗೊಂಡರು. ಮನೆಗಳ ತಪಾಸಣೆ, ರೋಗಿಗಳನ್ನು ಬೇರ್ಪಡಿಸುವುದು, ಊರು ಖಾಲಿ ಮಾಡಿಸುವುದು ಇವುಗಳಿಂದ ಜನ ಕೆರಳಿದರು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯೇ ಆಯಿತು. ಕಟ್ಟಳೆಯಿಂದ ಸಂಬಳದ ಹಣವನ್ನು ಮುರಿದುಕೊಳ್ಳುವಷ್ಟು ಸುಲಭವಾಗಿ ಮನೆಯೊಳಗಿನ ರೋಗಿಯನ್ನು ಹೊರತರಲು ಬಾರದೆಂಬುದು ನ್ಯಾಯಶಾಸ್ತ್ರಜ್ಞರಾದ ದಿವಾನರಿಗೆ ಹೀಗೆ ತಿಳಿದಿರಬೇಕು.

ಈಗ ನಮ್ಮ ನಾಲ್ಕು ಊರುಗಳ ಮಾತು. ಅಂದು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು; ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಸಂತೆಯ ಊರು; ಜಗಳೂರು ಚಿತ್ರದುರ್ಗದ ಬಯಲುಸೀಮೆ. ನೀರಿನ ವಿಷಯದಲ್ಲಿ ಇವುಗಳಷ್ಟು ಭಿನ್ನವಾದ ನೆರೆಹೊರೆ ದೊರಕುವುದು ಕಷ್ಟ. ಚನ್ನಗಿರಿಯಲ್ಲಿ ಸೂಳೆಕೆರೆಯ ವಿಸ್ತಾರ, ಹೊನ್ನಾಳಿಗೆ ತುಂಗಭದ್ರೆಯ ದಡ, ಜಗಳೂರಿಗೆ ಮಳೆಗಾಗಿ ಮುಗಿಲು ನೋಡುವ ಪಾಡು. 1891ರ ವ್ಯವಸ್ಥೆ ಸಂಸ್ಥಾನದ ನೌಕರರೆಲ್ಲರಿಗೆ ಅನ್ವಯಿಸಿದುದರಿಂದ, ಇಲ್ಲಿನ ಕಚೇರಿಗಳಿಗೆ ನೇಮಕಗೊಂಡು ಬಂದ ಅಮಲ್ದಾರನಿಗೂ ಗುಮಾಸ್ತನಿಗೂ ಅದರ ರಕ್ಷಣೆಯಿದ್ದಿತು. ಅದೇ ಊರಿನ ಒಕ್ಕಲಿಗನಿಗೆ ಇಂಥ ರಕ್ಷಣೆಯಿರಲಿಲ್ಲ. ಹೆಸರುಘಟ್ಟದಂಥ ನೀರೂ ಬರಲಿಲ್ಲ. ದಿವಾನರ ದೃಷ್ಟಿ ಸಂಕುಚಿತವಾಗಿದ್ದಿತೆಂದು ಇದರಿಂದ ನಿರ್ಣಯಿಸುವುದು ಸಾಧುವಲ್ಲ. ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕುಗಳವರು ಅಹವಾಲು ಹೇಳಿಕೊಳ್ಳಬಹುದಾಗಿತ್ತಾದರೂ ಆಯವ್ಯಯದ ಮೇಲೆ ಮತ ಹಾಕುವ ಅಧಿಕಾರ ಅವರಿಗೆ ಇರಲಿಲ್ಲ. ಸರ್ಕಾರದ ಕೈ ತಾಲ್ಲೂಕಿಗೆ ತಲುಪುತ್ತಿದ್ದುದು ಕಂದಾಯಕ್ಕಾಗಿ ಮತ್ತು ಸಂಬಳದ ಪಟ್ಟಿಯ ಮೂಲಕ. ವಿಮೆ ಆ ಪಟ್ಟಿಯನ್ನೇ ಅವಲಂಬಿಸಿ ಊರೂರಿಗೆ ಹೋಯಿತು. ನೀರಿಗೆ ಅಂಥ ಸಿದ್ಧ ದಾರಿಯಿರಲಿಲ್ಲ.

ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ, ಆರಂಭವಾದ ಮಾರಿಕಣಿವೆಯ ಅಣೆಕಟ್ಟು ಚಿತ್ರದುರ್ಗ ಜಿಲ್ಲೆಗೆ ದೊರೆತ ದೊಡ್ಡ ಕೊಡುಗೆ. ಆದರೆ ಅದರ ನೀರು ಹರಿದುದು ಹಿರಿಯೂರಿನ ಕಡೆಗೆ, ಜಗಳೂರಿಗಲ್ಲ. ನೀರಾವರಿಯೊಡನೆ ಮಲೇರಿಯವೂ ಬಂದಿತು. 1929ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಆರೋಗ್ಯ ಇಲಾಖೆ ಹೊಸದಾಗಿ ರೂಪುಗೊಂಡಾಗ, ಮಲೇರಿಯ ಅಧ್ಯಯನಕ್ಕೆ ಆರಿಸಿದ ಸ್ಥಳಗಳಲ್ಲಿ ನಗೇನಹಳ್ಳಿ, ಮೂಡಿಗೆರೆಗಳೊಡನೆ ಹಿರಿಯೂರೂ ಸೇರಿತು.

ವಿಮೆ ಸಾಮಾನ್ಯ ಪ್ರಜೆಗಳಿಗೂ ತೆರೆದುದು ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣಗೊಂಡಾಗ, ಸರ್ಕಾರವು ತನ್ನ ನೌಕರರ ಸಂಬಳದಿಂದ ಕಡ್ಡಾಯವಾಗಿ ಮುರಿದುಕೊಂಡು ನಡೆಸುವ ಯೋಜನೆಗಳಿಗೆ ಶಾಸನದಲ್ಲಿ ವಿನಾಯಿತಿ ದೊರೆಯಿತು. ಆದುದರಿಂದ 1891ರ ವ್ಯವಸ್ಥೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಗಿ ಇಂದಿಗೂ ಉಳಿದಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾಗಿ ಚನ್ನಗಿರಿ, ಹೊನ್ನಾಳಿ, ಜಗಳೂರುಗಳು ಅದಕ್ಕೆ ಸೇರಿದವು. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದುದು ಅದಕ್ಕೂ ಈಚೆಗೆ. ಆ ಹೊಸ ತಾಲ್ಲೂಕಿನ ಕಚೇರಿಯಲ್ಲಿಯೂ ಮೊದಲ ಸಂಬಳದ ಪಟ್ಟಿಯೊಡನೆಯೇ ವಿಮೆಯ ಕಂತು ಕಾಲಿಟ್ಟಿತು. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಎತ್ತಿ ತುಂಬಿಸುವ ಯೋಜನೆ ಸರ್ಕಾರದ ಕಡತಕ್ಕೆ ಬರಲು ಮಾತ್ರ ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು.