ರಷ್ಯದ ನೆಲ ಮುಟ್ಟದ ರಷ್ಯದ ಕಥೆ

ಬೋರಿಸ್ ಪಾಸ್ತರ್ನಾಕ್ ‘ಡಾಕ್ಟರ್ ಜಿವಾಗೊ’ ಕಾದಂಬರಿಯನ್ನು ಬರೆದದ್ದು ರಷ್ಯನ್ ಭಾಷೆಯಲ್ಲಿ. ಅದು ಮೊದಲು ಅಚ್ಚಾದದ್ದು ಮಾತ್ರ 1957ರಲ್ಲಿ, ಇಟಲಿಯಲ್ಲಿ, ಇಟಾಲಿಯನ್ ಅನುವಾದವಾಗಿ! ಮಾಸ್ಕೋದ ‘ನೋವಿ ಮೀರ್’ ಪತ್ರಿಕೆ ಅದನ್ನು ತಿರಸ್ಕರಿಸಿತ್ತು. ಕ್ರಾಂತಿಯ ಜಯಘೋಷಕ್ಕಿಂತ, ಅದರ ಸುಳಿಗೆ ಸಿಕ್ಕ ಒಬ್ಬ ವೈದ್ಯ-ಕವಿಯ ಒಳಬಾಳು ದೊಡ್ಡದೆಂದು ಬಗೆದದ್ದೇ ಕಾದಂಬರಿಯ ಅಪರಾಧವಾಯಿತು. 1958ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಸರ್ಕಾರದ ಒತ್ತಡಕ್ಕೆ ಮಣಿದು ಪಾಸ್ತರ್ನಾಕ್ ಅದನ್ನು ನಿರಾಕರಿಸಬೇಕಾಯಿತು. ಎರಡೇ ವರ್ಷದಲ್ಲಿ ಅವರು ತೀರಿಕೊಂಡರು.

ಇಂಗ್ಲೆಂಡಿನ ನಿರ್ದೇಶಕ ಡೇವಿಡ್ ಲೀನ್ ಇದನ್ನು ಚಿತ್ರವಾಗಿಸಲು ಹೊರಟಾಗ ರಷ್ಯದಲ್ಲಿ ಚಿತ್ರೀಕರಿಸುವ ಮಾತೇ ಇರಲಿಲ್ಲ. ಸ್ಪೇನಿನ ಮ್ಯಾಡ್ರಿಡ್ ಪಕ್ಕದಲ್ಲಿ ಮಾಸ್ಕೋದ ಬೀದಿಯೇ ಎದ್ದು ನಿಂತಿತು. ಹಿಮ ಹೊದ್ದ ಆ ಪ್ರಸಿದ್ಧ ಮನೆಯ ಹೊಳಪು ಬಹುಮಟ್ಟಿಗೆ ಮೇಣದ್ದು. ಹಿಮದ ಕೆಲವು ದೃಶ್ಯಗಳಿಗೆ ಫಿನ್ಲೆಂಡಿಗೆ ಹೋದರು. ಕಮ್ಯುನಿಸ್ಟರನ್ನು ಕಂಡರಾಗದ ಫ್ರಾಂಕೊನ ಸ್ಪೇನಿನಲ್ಲಿ ಕೆಂಪು ಬಾವುಟದ ಮೆರವಣಿಗೆ ನಡೆದದ್ದು ಕ್ಯಾಮೆರಾದ ಕೃಪೆಯಿಂದಲೇ! ಜಿವಾಗೊ ಆದವರು ಈಜಿಪ್ಟಿನ ಒಮರ್ ಶರೀಫ್.

1965ರಲ್ಲಿ ತೆರೆಕಂಡ ಚಿತ್ರ 5 ಆಸ್ಕರ್ ಗಳಿಸಿತು. ಬಾಲಲೈಕಾ ವಾದ್ಯದ ಆ ರಾಗ ಊರೂರು ತಿರುಗಿತು. ಆದರೆ ಕಾದಂಬರಿಯ ಕೊನೆಯಲ್ಲಿರುವ ಜಿವಾಗೊನ ಕವಿತೆಗಳು ಚಿತ್ರದಲ್ಲಿ ಕೇಳಿಸುವುದಿಲ್ಲ. ಕವಿಯೊಬ್ಬನ ಕಥೆಗೆ ಇದು ಸಣ್ಣ ನಷ್ಟವೇನಲ್ಲ.

ಗೊರ್ಬಚೆವ್ ಕಾಲದಲ್ಲಿ, 1988ರಲ್ಲಿ, ಹಿಂದೆ ತಿರಸ್ಕರಿಸಿದ್ದ ‘ನೋವಿ ಮೀರ್’ ಪತ್ರಿಕೆಯೇ ಕಾದಂಬರಿಯನ್ನು ಪ್ರಕಟಿಸಿತು. ಮರುವರ್ಷ ಪಾಸ್ತರ್ನಾಕ್‌ರ ಮಗ ಸ್ಟಾಕ್‌ಹೋಮಿಗೆ ಹೋಗಿ ತಂದೆಯ ನೊಬೆಲ್ ಪದಕವನ್ನು ಪಡೆದರು. ಚಿತ್ರ ರಷ್ಯದ ಚಿತ್ರಮಂದಿರ ಕಂಡದ್ದು 1994ರಲ್ಲಿ. ಲೀನ್ ಅದಕ್ಕೆ ಮೂರು ವರ್ಷ ಮೊದಲೇ ತೀರಿಕೊಂಡಿದ್ದರು.