ಅಜ್ಜಂಪುರ: ಸಂಘ, ಕಲೆ, ಪರಂಪರೆಗೆ ಸ್ಥಳೀಯ ಆಡಳಿತದ ನೆರವು ಎಲ್ಲಿಂದ, ಹೇಗೆ?

ಊರಿನ ಡೊಳ್ಳು ಕುಣಿತದ ತಂಡಕ್ಕೆ ಹೊಸ ಡೊಳ್ಳು ಬೇಕು. ಯುವಕ ಸಂಘಕ್ಕೆ ನಾಟಕದ ತಾಲೀಮಿಗೆ ಜಾಗ ಬೇಕು. ಹಳೆಯ ಶಾಸನದ ಕಲ್ಲು ಬಯಲಿನಲ್ಲಿ ಬಿದ್ದಿದೆ. ಇವುಗಳಿಗಾಗಿ ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ಇದಕ್ಕೆ ಒಳ್ಳೆಯ ನಿದರ್ಶನ.

ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಅಜ್ಜಂಪುರ, 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಒಂದು. 2018ರಲ್ಲಿ ತಾಲ್ಲೂಕು ಅಸ್ತಿತ್ವಕ್ಕೆ ಬಂದಿತು. ಗ್ರಾಮ ಪಂಚಾಯಿತಿಯೂ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿತು. ಇದರಿಂದಾಗಿ ಪಟ್ಟಣದ ಸಂಘಗಳು ಒಂದು ಕಾನೂನಿಗೂ, ಸುತ್ತಲಿನ ಹಳ್ಳಿಗಳ ಸಂಘಗಳು ಮತ್ತೊಂದು ಕಾನೂನಿಗೂ ಒಳಪಟ್ಟಿವೆ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 20ನೆಯದು ಗ್ರಂಥಾಲಯ, 21ನೆಯದು ಸಾಂಸ್ಕೃತಿಕ ಚಟುವಟಿಕೆ, 22ನೆಯದು ಸಂತೆ ಮತ್ತು ಜಾತ್ರೆ. 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯು ಉದ್ಯಾನ, ಆಟದ ಮೈದಾನಗಳನ್ನೂ ಸಾಂಸ್ಕೃತಿಕ, ಶೈಕ್ಷಣಿಕ ಉತ್ತೇಜನವನ್ನೂ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ತರುತ್ತದೆ. ರಾಜ್ಯದಲ್ಲಿ ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ, ಪಟ್ಟಣ ಪಂಚಾಯಿತಿಗೆ 1964ರ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ.

ಆದರೆ ಅಧಿಕಾರ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಹಣ ಬರುವುದಿಲ್ಲ. ಕುಡಿಯುವ ನೀರು, ಚರಂಡಿ, ಬೀದಿ ದೀಪಗಳ ಖರ್ಚು ಕಳೆದು ಉಳಿದ ಸ್ವಂತ ಆದಾಯದಲ್ಲೇ ಕಲೆಗೂ ಪಾಲು ಸಿಗಬೇಕು. ಆದ್ದರಿಂದ ಸ್ಥಳೀಯ ಸಂಸ್ಥೆಯ ನೆರವು ಹೆಚ್ಚಾಗಿ ನಗದಿನಲ್ಲಿರದೆ ಜಾಗ, ಕಟ್ಟಡ, ನೀರು, ದೀಪ, ಸ್ವಚ್ಛತೆಯ ರೂಪದಲ್ಲಿರುತ್ತದೆ. ಎತ್ತಿನ ಗಾಡಿಗಳಲ್ಲಿ ಭಕ್ತರು ಬಂದು ಸೇರುವ ಈ ಭಾಗದ ಅಂತರಘಟ್ಟೆ ದುರ್ಗಾಂಬಾ ದೇವಿಯ ಜಾತ್ರೆಯಂತಹ ಸಂದರ್ಭದಲ್ಲಿ ಇಂತಹ ವ್ಯವಸ್ಥೆಯ ಬೆಲೆ ಏನೆಂಬುದು ತಿಳಿಯುತ್ತದೆ.

ಗ್ರಂಥಾಲಯ: ಖಚಿತ ಆದಾಯವಿರುವ ಬಾಬ್ತು

ಈ ಪೈಕಿ ನಿಶ್ಚಿತ ಆದಾಯದ ಮೂಲವಿರುವುದು ಗ್ರಂಥಾಲಯಕ್ಕೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಈಗ ಅವು ‘ಅರಿವು ಕೇಂದ್ರ’ಗಳೆನಿಸಿವೆ. ಓದುಗರ ಕೂಟ, ಮಕ್ಕಳ ಕಥಾಗೋಷ್ಠಿ ನಡೆಸಬಯಸುವವರಿಗೆ ಹಳ್ಳಿಯಲ್ಲಿ ಮೊದಲು ಸಿಗುವ ಸಾರ್ವಜನಿಕ ಕೊಠಡಿ ಇದೇ.

ಧನಸಹಾಯಕ್ಕೆ ಬೇರೆ ದಾರಿ

ಕಲಾ ತಂಡಗಳಿಗೆ ನೇರ ಧನಸಹಾಯ ನೀಡುವುದು ಮುಖ್ಯವಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಕಾರ್ಯಕ್ರಮಗಳಿಗೆ ಅನುದಾನ, ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ, ಮಕ್ಕಳಿಗಾಗಿ ‘ಚಿಗುರು’, ಯುವಜನರಿಗಾಗಿ ‘ಯುವ ಸೌರಭ’ ಇದರ ಯೋಜನೆಗಳು. ಇಲಾಖೆಯ ಕಚೇರಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಸಂಘಗಳಿಂದ ನೋಂದಣಿ ಪತ್ರ, ಹಿಂದಿನ ಚಟುವಟಿಕೆಗಳ ದಾಖಲೆ, ಲೆಕ್ಕಪರಿಶೋಧನಾ ವರದಿಯನ್ನು ಕೇಳಲಾಗುತ್ತದೆ.

ಸಣ್ಣ ತಂಡಗಳು ಎಡವುವುದು ಇಲ್ಲೇ. ತಲೆಮಾರುಗಳಿಂದ ವೀರಗಾಸೆ ಕುಣಿಯುತ್ತಿರುವ ಮನೆತನಕ್ಕಾಗಲಿ, ಶ್ರಾವಣದಲ್ಲಿ ಸೇರುವ ಭಜನಾ ಮಂಡಳಿಗಾಗಲಿ ಕಾಗದಪತ್ರ ಇಟ್ಟುಕೊಳ್ಳುವ ರೂಢಿ ಇರುವುದಿಲ್ಲ. ಕಲೆ ಇದ್ದರೂ ಕಡತವಿಲ್ಲದವರು ನೆರವಿನಿಂದ ಹೊರಗುಳಿಯುತ್ತಾರೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಆದರೆ ಪ್ರತಿವರ್ಷ ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸುತ್ತಿರಬೇಕು.

ಪರಂಪರೆ ಯಾರ ಸುಪರ್ದಿಯಲ್ಲಿ?

ಪರಂಪರೆಯ ವಿಷಯದಲ್ಲಿ ಸ್ಥಳೀಯ ಸಂಸ್ಥೆಯ ಅಧಿಕಾರ ಇನ್ನೂ ಸೀಮಿತ. ನೆರೆಯ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಇಂತಹ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಡ ಕಟ್ಟಲು ಪೂರ್ವಾನುಮತಿ ಬೇಕು. ಪಂಚಾಯಿತಿಯ ಪರವಾನಗಿ ಒಂದೇ ಸಾಲದು.

ಅಜ್ಜಂಪುರದ ಜೀವಂತ ಪರಂಪರೆಯಾದ ಅಮೃತ ಮಹಲ್ ರಾಸುಗಳ ಹೊಣೆಯೂ ಪಂಚಾಯಿತಿಯದಲ್ಲ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎನಿಸಿದ ಈ ತಳಿಯ ಸಂವರ್ಧನಾ ಕೇಂದ್ರ ಇಲ್ಲಿ 1929ರಲ್ಲಿ ಆರಂಭವಾಯಿತು. ಅದನ್ನು ನಡೆಸುವುದು ಪಶುಪಾಲನಾ ಇಲಾಖೆ. ಆದರೆ ಸಂರಕ್ಷಿತ ಪಟ್ಟಿಗೆ ಸೇರದ ವೀರಗಲ್ಲು, ಕಲ್ಯಾಣಿ, ಗರಡಿಮನೆಗಳು ಊರವರ ಕಾಳಜಿಯನ್ನೇ ನಂಬಿಕೊಂಡಿವೆ. ಅವುಗಳನ್ನು ಗುರುತಿಸಿ ಇಲಾಖೆಯ ಗಮನಕ್ಕೆ ತರುವ ಮೊದಲ ಹೆಜ್ಜೆಯನ್ನು ಪಂಚಾಯಿತಿ ಇಡಬಹುದು.

ಬೇಡಿಕೆ ಎಲ್ಲಿ ಮಂಡಿಸಬೇಕು?

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ರಾಜ್ಯದಲ್ಲಿ ವರ್ಷಗಟ್ಟಲೆ ಚುನಾವಣೆ ನಡೆಯದೆ, ಆಡಳಿತ ಅಧಿಕಾರಿಗಳ ಕೈಯಲ್ಲಿ ಉಳಿಯಿತು. ಹೊಸ ತಾಲ್ಲೂಕಿನ ಸಂಘಗಳ ಪಾಲಿಗೆ ಇದು ದೊಡ್ಡ ಕೊರತೆ. ಹೀಗಾಗಿ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮಸಭೆಯ ಮಹತ್ವ ಹೆಚ್ಚಿದೆ. ಕಲಾ ತಂಡದ ಬೇಡಿಕೆಯನ್ನು ಅಲ್ಲಿ ಬರವಣಿಗೆಯಲ್ಲಿ ಸಲ್ಲಿಸಿ, ನಡವಳಿಯಲ್ಲಿ ದಾಖಲಿಸಿಕೊಳ್ಳುವಂತೆ ಕೋರಬಹುದು. ಪಟ್ಟಣದವರು ಬಜೆಟ್ ಸಿದ್ಧವಾಗುವ ಮುನ್ನವೇ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗೆ ಮನವಿ ನೀಡುವುದು ಉತ್ತಮ. ರಸ್ತೆ, ಚರಂಡಿಗಳ ಬೇಡಿಕೆ ಪ್ರತಿ ಸಭೆಯಲ್ಲೂ ಬರುತ್ತದೆ. ಡೊಳ್ಳಿನ ಬೇಡಿಕೆ ಬಾರದಿದ್ದರೆ ಅದಕ್ಕೆ ಹಣ ಮೀಸಲಿಡುವವರಿರುವುದಿಲ್ಲ.